ಕ್ರಿಸ್‌ಮಸ್ ಕ್ಯಾಸೆಟ್ಟಿನ ಮೇಲೆ ಗರ್ಬಾ

ವಡೋದರಾದ ಗೋರ್ವಾ ಬಡಾವಣೆಯ ನಮ್ಮ ಕೇಬಲ್ ಟೀವಿ ಕಂಟ್ರೋಲ್ ರೂಮಿನಲ್ಲಿ ಆ ಮಧ್ಯಾಹ್ನ ನಾಲ್ವರಿದ್ದೆವು. ಕಂಟ್ರೋಲ್ ರೂಮೆಂದರೆ ದೊಡ್ಡದೇನಲ್ಲ, ಮಾಲೀಕ ಜಯಂತಿಭಾಯ್ ಅವರ ಮನೆಯ ತಾರಸಿ ಮೇಲಿನ ಒಂದು ಕೋಣೆ. ಜಯಂತಿಭಾಯ್ ಎಂದಿನಂತೆ ತೂಗುಮಣೆಯ ಮೇಲೆ ಕೂತು ಕಾಲಿನಿಂದ ನೆಲ ಮೀಟುತ್ತಿದ್ದರು. ಲೈನ್‌ಮನ್ ಮಹೇಶ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕೇಬಲ್ಲಿನ ತುದಿ ಸುಲಿಯುತ್ತಿದ್ದ. ನಾನು ಎರಡು ವಿಸಿಆರ್ ಮತ್ತು ಒಂದು ಟೀವಿಯ ಎದುರಿಗಿನ ಸ್ಟೂಲಿನ ಮೇಲೆ. ನಾಲ್ಕನೆಯವರು ಲಿಲ್ಲಿ ಬಾಯಿ, ಮಂಗಳೂರಿನ ಕಡೆಯವರು. ಗೋರ್ವಾದಲ್ಲೇ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತ ನನ್ನ ಮಡಿಲಿಗೆ ಒಂದು ಸ್ಟೀಲ್ ಡಬ್ಬಿ ಇಟ್ಟರು. ಒಳಗೆ ಕುಸ್ವಾರ್, ಕ್ರಿಸ್‌ಮಸ್ಸಿಗೆ ಅವರ ಮನೆಗಳಲ್ಲಿ ಮಾಡಿ ಹಂಚುವ ತಿಂಡಿಗಳು.

"ರಾಘಣ್ಣ, ಈ ಸಲ ಮಾಡುದಿಲ್ಲ ಅಂತ ಇದ್ದೆ. ಆಮೇಲೆ ಅನಿಸಿತು, ಅವರಿದ್ದಿದ್ದರೆ ಬೈತಿದ್ರು ಅಂತ."

ಅವರು ಎಂದರೆ ಸಿರಿಲ್ ಪೊರ್ಬುಗಳು, ಲಿಲ್ಲಿ ಬಾಯಿಯ ಗಂಡ. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಅದೇ ಮಳೆಗಾಲದಲ್ಲಿ ಅವರು ತೀರಿಕೊಂಡಿದ್ದರು.

"ಇಪ್ಪತ್ತನಾಲ್ಕಕ್ಕೆ ಆ ಹಾಡಿನ ಕ್ಯಾಸೆಟ್ ಹಾಕ್ತೀರಲ್ಲ? ಫೋಟೋ ಮನೆಯಲ್ಲಿ ಬೇಕಾದಷ್ಟು ಉಂಟು. ಸ್ವರ ಇಲ್ಲ ಮಾರಾಯ್ರೆ. ಅವರ ಸ್ವರ ಇರುವುದು ನಿಮ್ಮ ಈ ಕೋಣೆಯಲ್ಲಿ ಮಾತ್ರ."

"ಹಾಕದೆ ಉಂಟಾ ಬಾಯಿ? ಏಳು ಗಂಟೆಗೆ ಸರಿಯಾಗಿ ಟೀವಿ ಎದುರು ಕೂತುಕೊಳ್ಳಿ" ಎಂದೆ.

ಹಾಗೆ ಹೇಳುವಾಗ ಬಾಯಲ್ಲಿ ಅವರ ನೆವ್ರಿಯ, ನಮ್ಮ ಕರ್ಜಿಕಾಯಿಯಂಥ ತಿಂಡಿಯ, ಚೂರಿತ್ತು. ಕ್ಯಾಸೆಟ್ ಎಲ್ಲಿದೆ ಎಂದು ತಿರುಗಿ ನೋಡುವ ಕೆಲಸವನ್ನೂ ನಾನು ಮಾಡಲಿಲ್ಲ.

ಮುಂದೆ ಏನಾಯಿತೆಂದು ಹೇಳುವ ಮೊದಲು ಆ ಕೆಲಸ ಎಂಥದ್ದೆಂದು ಹೇಳಬೇಕು. ಈಗ ಕಂಪ್ಯೂಟರಿನ ಮುಂದೆ ಕೂತು ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಎಂದು ಜೋಡಿಸುವ ಹುಡುಗ ಹುಡುಗಿಯರು ಇದನ್ನು ಓದಿದರೆ, ತಮ್ಮ ಕೆಲಸದ ಅಜ್ಜನ ಮನೆ ಹೇಗಿತ್ತೆಂದು ತಿಳಿದೀತು.

ನಾನು ಕುಂದಾಪುರದ ಕಡೆಯಿಂದ ಗುಜರಾತಿಗೆ ಬಂದದ್ದು ಸೂರತ್ತಿನ ಉಧ್ನಾದಲ್ಲಿದ್ದ ದೊಡ್ಡಪ್ಪನ ಹೋಟೆಲಿಗೆ. ಆದರೆ ನನಗೆ ಕಾವಲಿಗಿಂತ ಗೋಡೆಯ ಮೇಲಿನ ಟೀವಿಯ ಮೇಲೇ ಕಣ್ಣು. "ನಿಂಗೆ ದೋಸೆ ಮಗುಚೂಕ್ ಬತ್ತಿಲ್ಲೆ, ಟೀವಿ ಮಗುಚೂಕ್ ಬತ್ತ್" ಎಂದು ದೊಡ್ಡಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದರು. ಕೊನೆಗೆ ಅವರೇ ತಮ್ಮ ಗಿರಾಕಿಯೊಬ್ಬರ ಮೂಲಕ ವಡೋದರಾದ ಜಯಂತಿಭಾಯ್ ಹತ್ತಿರ ಸೇರಿಸಿದರು. ಅಲ್ಲಿಂದ ನಿವೃತ್ತಿಯವರೆಗೆ ಅದೇ ಕೋಣೆ, ಅದೇ ಸ್ಟೂಲು.

ಆಗ ಪ್ರತಿ ಕೇಬಲ್‌ನವನಿಗೂ ಸ್ವಂತದ್ದೊಂದು ಚಾನೆಲ್ ಇರುತ್ತಿತ್ತು. ಜನ ಫೋನ್ ಮಾಡಿ ಕೇಳಿದ್ದನ್ನು ನಾವು ಹಾಕುತ್ತಿದ್ದೆವು. ಡಿಸೆಂಬರ್ ಬಂತೆಂದರೆ ಆ ಫೋನಿಗೆ ಪುರುಸೊತ್ತಿಲ್ಲ. ಗೋರ್ವಾದಲ್ಲಿ ಕಾರ್ಖಾನೆಗಳಿದ್ದವು, ಕಾರ್ಖಾನೆಗಳಿಗಾಗಿ ಬಂದ ಎಲ್ಲ ಊರಿನವರೂ ಇದ್ದರು. ಕೇರಳದ ನರ್ಸುಗಳಿಗೆ ಮಲಯಾಳಂ ಹಾಡು ಬೇಕು. ಗುಜರಾತಿ ಕ್ರೈಸ್ತರಿಗೆ ಏಸುವಿನ ಜೀವನದ ಹಿಂದಿ ಚಿತ್ರ ಬೇಕು. ಮಕ್ಕಳಿಗೆ, ಅವರು ಯಾವ ದೇವರ ಮನೆಯವರೇ ಆಗಿರಲಿ, ಹಿಮ ಬೀಳುವ ಇಂಗ್ಲಿಷ್ ಚಿತ್ರ ಬೇಕು.

ಆ ಹಿಮದ ಚಿತ್ರ ಮೊದಲ ಸಲ ಹಾಕಿದ ದಿನ ಸರಣಿಯಾಗಿ ದೂರು ಬಂತು. "ರಾಘುಭಾಯ್, ಪರದೆ ತುಂಬ ಬಿಳಿ ಚುಕ್ಕಿ, ಲೈನ್ ಹೋಗಿದೆ, ಹುಡುಗನನ್ನು ಕಳಿಸಿ." ಆಗೆಲ್ಲ ಸಿಗ್ನಲ್ ಕೆಟ್ಟರೆ ಪರದೆಯಲ್ಲಿ ಹಾಗೇ ಬಿಳಿ ಕಾಳು ಉದುರುತ್ತಿತ್ತು. ನಾನು ನಮ್ಮ ಟೀವಿಯನ್ನು ಕಣ್ಣೆತ್ತಿಯೂ ನೋಡದೆ ಮಹೇಶನನ್ನು ಓಡಿಸಿದೆ. ಅವನು ನಾಲ್ಕು ಕಂಬ ಹತ್ತಿ ಇಳಿದು, ಐದನೆಯ ಮನೆಯಲ್ಲಿ ನೀರು ಕೇಳಿ ಕುಡಿಯುತ್ತ ಟೀವಿ ನೋಡಿ, ಅಲ್ಲಿಂದಲೇ ಫೋನ್ ಮಾಡಿದ. "ಸಾಬ್, ಲೈನ್ ಸರಿ ಇದೆ. ಆ ಊರಿನಲ್ಲೇ ಹಾಗೆ ಬೀಳ್ತಾ ಇದೆ." ಅಂದಿನಿಂದ ಚಿತ್ರಕ್ಕೆ ಮೊದಲು ಕೆಳಗೆ ಓಡುವ ಅಕ್ಷರದಲ್ಲಿ ಗುಜರಾತಿಯಲ್ಲಿ ಬರೆಯುತ್ತಿದ್ದೆ: ಇದು ಹಿಮ, ದಯವಿಟ್ಟು ಫೋನ್ ಮಾಡಬೇಡಿ.

ಏಸುವಿನ ಚಿತ್ರ ಎರಡು ಕ್ಯಾಸೆಟ್ಟಿನದು. ಒಂದು ವರ್ಷ ಎರಡನೆಯದನ್ನು ಮೊದಲು ಹಾಕಿ ಊಟಕ್ಕೆ ಹೋದೆ. ಮರಳಿ ಬರುವಷ್ಟರಲ್ಲಿ ನಿವೃತ್ತ ಮೇಷ್ಟ್ರು ಸ್ಯಾಮ್ಯುಯೆಲ್‌ಭಾಯ್ ಅವರ ಫೋನು. ಅವರಿಗೆ ಸಿಟ್ಟು ಬಂದರೆ ದನಿ ಮೆತ್ತಗಾಗುತ್ತಿತ್ತು.

"ರಾಘುಭಾಯ್, ಇವತ್ತು ಏನು ಹಬ್ಬ?"

"ಕ್ರಿಸ್‌ಮಸ್, ಸರ್."

"ಅಂದರೆ ಹುಟ್ಟಿದ ದಿನ. ನೀವು ಆಗಲೇ ಶಿಲುಬೆಗೆ ಏರಿಸಿಬಿಟ್ಟಿದ್ದೀರಿ. ಸ್ವಲ್ಪ ನಿಧಾನ ಮಾಡಿ."

ಇಂಥ ಎಡವಟ್ಟಿಗೆಲ್ಲ ಜಯಂತಿಭಾಯ್ ಬಯ್ಯುತ್ತಿರಲಿಲ್ಲ. ತೂಗುಮಣೆ ನಿಲ್ಲಿಸಿ ಒಂದು ಕ್ಷಣ ನನ್ನನ್ನು ನೋಡಿ ಮತ್ತೆ ತೂಗಲು ಶುರು ಮಾಡುತ್ತಿದ್ದರು. ಬೈದಿದ್ದರೇ ವಾಸಿ ಎನಿಸುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಹೊಸ ಕ್ಯಾಸೆಟ್ ಕೊಳ್ಳುವುದೆಂದರೆ ಅವರಿಗೆ ಹಲ್ಲು ಕೀಳಿಸಿದ ಹಾಗೆ. ಅಹಮದಾಬಾದಿನ ಸಗಟು ಅಂಗಡಿಗೆ ವರ್ಷಕ್ಕೊಮ್ಮೆ ಕಳಿಸುತ್ತಿದ್ದರು, ಅಷ್ಟೆ. ಉಳಿದಂತೆ ಇದ್ದುದರ ಮೇಲೆಯೇ ಮತ್ತೆ ಮತ್ತೆ ಹಿಡಿಯಬೇಕು, ಅಂದರೆ ರೆಕಾರ್ಡ್ ಮಾಡಬೇಕು. ಹೀಗೆ ಒಳಗಿನ ಸರಕು ಬದಲಾಗುತ್ತಲೇ ಇದ್ದುದರಿಂದ ನಾನು ಕ್ಯಾಸೆಟ್ಟಿನ ಮೈಮೇಲೆ ಹೆಸರು ಬರೆಯುತ್ತಿರಲಿಲ್ಲ, ಹೊರಗಿನ ಡಬ್ಬದ ಮೇಲೆ ಮಾತ್ರ ಬರೆಯುತ್ತಿದ್ದೆ. ಜಾಣತನವೆಂದೇ ತಿಳಿದಿದ್ದೆ.

ಅಳಿಸಬಾರದ ಕ್ಯಾಸೆಟ್ಟಿಗೆ ಮಾತ್ರ ಬೇರೆ ಕ್ರಮ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನಲ್ಲಿ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ತುಣುಕೊಂದು ಇರುತ್ತಿತ್ತು. ಅದನ್ನು ಮುರಿದುಬಿಟ್ಟರೆ ಯಂತ್ರ ಆ ಕ್ಯಾಸೆಟ್ಟಿನ ಮೇಲೆ ಹೊಸದನ್ನು ಹಿಡಿಯಲು ಒಪ್ಪುವುದಿಲ್ಲ. ಆದರೆ ಮುರಿದ ಜಾಗಕ್ಕೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ಒಪ್ಪುತ್ತದೆ. ಬೀಗವೂ ನಮ್ಮ ಕೈಯಲ್ಲೇ, ಕಳ್ಳಕೀಲಿಯೂ ನಮ್ಮ ಕೈಯಲ್ಲೇ.

ಸಿರಿಲ್ ಪೊರ್ಬುಗಳ ಕ್ಯಾಸೆಟ್ಟಿನ ತುಣುಕನ್ನು ನಾನೇ ಮುರಿದಿದ್ದೆ. ಅದನ್ನು ಹಿಡಿದದ್ದು ಆ ಮಧ್ಯಾಹ್ನಕ್ಕಿಂತ ಮೂರು ವರ್ಷ ಹಿಂದೆ, ಕ್ರಿಸ್‌ಮಸ್ಸಿಗೆ ಮುಂಚಿನ ಒಂದು ಭಾನುವಾರ, ಅದೇ ತಾರಸಿಯ ಮೇಲೆ. ಮನೆಮನೆಗೆ ಹೋಗಿ ಹಾಡುವ ಅವರ ತಂಡದ ಹತ್ತು ಹನ್ನೆರಡು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಪೊರ್ಬುಗಳು ಗಿಟಾರ್ ಹಿಡಿದು ಮುಂದೆ. ಲಿಲ್ಲಿ ಬಾಯಿ ಹಾಡಿನ ಪುಸ್ತಕ ಹಿಡಿದು ಕ್ಯಾಮೆರಾದ ಈಚೆ, ನನ್ನ ಪಕ್ಕದಲ್ಲಿ. ಪೊರ್ಬುಗಳು ತಮ್ಮ ಅಜ್ಜಿಯಿಂದ ಕಲಿತ ಕೊಂಕಣಿ ಜೋಗುಳವೊಂದಿತ್ತು, ತಾವೇ ಕಟ್ಟಿದ ಗುಜರಾತಿ ಹಾಡೊಂದಿತ್ತು. ಆಮೇಲೆ ಪ್ರತಿ ವರ್ಷ ಇಪ್ಪತ್ತನಾಲ್ಕರ ಸಂಜೆ ಏಳಕ್ಕೆ ಅದನ್ನೇ ಹಾಕುತ್ತಿದ್ದೆ. ದೊಡ್ಡ ಚಾನೆಲ್ಲುಗಳಲ್ಲಿ ಎಂಥೆಂಥ ಚಿತ್ರ ಬರುತ್ತಿದ್ದರೂ ಗೋರ್ವಾದ ಜನ ಆ ಒಂದು ಗಂಟೆ ನಮ್ಮ ಚಾನೆಲ್ಲಿಗೇ ಬರುತ್ತಿದ್ದರು. ತಮ್ಮದೇ ಬೀದಿಯ ಮುಖಗಳು ಟೀವಿಯಲ್ಲಿ ಕಂಡರೆ ಯಾರು ಬಿಟ್ಟಾರು?

ಈಗ ಆ ಮಧ್ಯಾಹ್ನಕ್ಕೆ ಮರಳುತ್ತೇನೆ. ಲಿಲ್ಲಿ ಬಾಯಿ ಮೆಟ್ಟಿಲಿಳಿದ ಮೇಲೆ, ಕ್ರಿಸ್‌ಮಸ್ ಎಂದು ಬರೆದ ಡಬ್ಬ ತೆಗೆದು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ಬಟ್ಟೆ ಅಂಗಡಿಯೊಂದರ ಉದ್ಘಾಟನೆ ಬಂತು. ಯಾರೋ ರಿಬ್ಬನ್ ಕತ್ತರಿಸುತ್ತಿದ್ದರು. ಕ್ಯಾಸೆಟ್ ಹೊರತೆಗೆದು ಬೆನ್ನು ನೋಡಿದೆ, ತುಣುಕು ಮುರಿದಿರಲಿಲ್ಲ. ಹಿಂದಿನ ಕ್ರಿಸ್‌ಮಸ್ ಮುಗಿದಾಗ ಅವಸರದಲ್ಲಿ ಎರಡು ಕ್ಯಾಸೆಟ್ಟುಗಳ ಡಬ್ಬ ಅದಲುಬದಲು ಮಾಡಿದ್ದೆ. ಹಾಗಾದರೆ ಉದ್ಘಾಟನೆ ಎಂದು ಬರೆದ ಡಬ್ಬದಲ್ಲಿದ್ದದ್ದು?

ಅದನ್ನು ನವರಾತ್ರಿಯ ಎಂಟನೆಯ ದಿನ ತೆಗೆದುಕೊಂಡಿದ್ದೆ. ನಮ್ಮಲ್ಲಿ ನವರಾತ್ರಿಯೆಂದರೆ ಒಂಬತ್ತು ದಿನವೂ ಮೈದಾನದ ಗರ್ಬಾವನ್ನು ನೇರ ತೋರಿಸಿ, ಹಿಡಿದಿಟ್ಟು, ಮರುದಿನ ಮತ್ತೆ ತೋರಿಸಬೇಕು. ಕುಣಿದವರೆಲ್ಲ ತಮ್ಮನ್ನು ತಾವೇ ನೋಡಿಕೊಳ್ಳಬೇಕಲ್ಲ! ಎಂಟನೆಯ ದಿನಕ್ಕೆ ಖಾಲಿ ಕ್ಯಾಸೆಟ್ ಮುಗಿದಿದ್ದವು. ಉದ್ಘಾಟನೆ ಹೋದರೆ ಹೋಗಲಿ ಎಂದು ಅದನ್ನು ಹಾಕಿದೆ. ಯಂತ್ರ ಒಪ್ಪಲಿಲ್ಲ. ಎರಡು ಸಲ ಒತ್ತಿದೆ, ಎರಡು ಸಲವೂ ಹೊರಗೆ ಉಗುಳಿತು. ಬೆನ್ನು ನೋಡಿದರೆ ತುಣುಕು ಮುರಿದಿದೆ. ಅಂಗಡಿಯ ಉದ್ಘಾಟನೆಗೆ ನಾನೇಕೆ ತುಣುಕು ಮುರಿದೇನು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಕೆಳಗೆ ಢೋಲು ಶುರುವಾಗಿತ್ತು. ಹಲ್ಲಿನಿಂದ ಸೆಲ್ಲೋಟೇಪ್ ಕತ್ತರಿಸಿ ಅಂಟಿಸಿದೆ.

ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳಬೇಕಾದ್ದು ಇದೊಂದೇ. ಯಂತ್ರ ಬೇಡವೆಂದಾಗ ಅದು ನಿಮ್ಮದೇ ಹಳೆಯ ಕೈ ಬೇಡವೆನ್ನುತ್ತಿರಬಹುದು. ಒಮ್ಮೆ ನಿಂತು ನೋಡಿ.

ಗರ್ಬಾ ಎಂಟು ಎಂದು ಬರೆದ ಡಬ್ಬದ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿದೆ. ಗರ್ಬಾ, ಗರ್ಬಾ, ಕೊನೆಗೆ ಆರತಿ. ಪೊರ್ಬುಗಳ ಒಂದು ಉಸಿರೂ ಉಳಿದಿರಲಿಲ್ಲ.

ಜಯಂತಿಭಾಯ್ ತೂಗುಮಣೆ ನಿಲ್ಲಿಸಿದರು. "ರಾಘುಭಾಯ್, ಟೇಪಿಗೆ ಬೂಷ್ಟು ಹಿಡಿಯಿತು ಅನ್ನಿ. ಟೇಪಿಗೆ ಬೂಷ್ಟು ಹಿಡಿಯೋದು ಲೋಕಕ್ಕೇ ಗೊತ್ತು. ಪಾಪ ಆ ಲಿಲ್ಲಿಬೆನ್‌ಗೂ ಅದೇ ಕಡಿಮೆ ನೋವು."

ನನಗೂ ಅದೇ ಸರಿ ಎನಿಸಿತು. ಎರಡು ದಿನ ಬೂಷ್ಟಿನ ಮಾತನ್ನು ಬಾಯಿಪಾಠ ಮಾಡಿದೆ. ಮನೆಯಲ್ಲಿ ಹೆಂಡತಿ ಸರಸ ಕುಸ್ವಾರಿನ ಖಾಲಿ ಡಬ್ಬಿ ತೊಳೆಯುತ್ತ ಕೇಳಿದಳು.

"ಹೋಯ್, ಎಂತಾಯ್ತ್ ನಿಮ್ಗೆ? ಎರಡ್ ದಿನದಿಂದ ಉಂಬ್ದೂ ಸಮ ಇಲ್ಲ."

ಹೇಳಿದೆ. ಅವಳು ಡಬ್ಬಿ ಒರೆಸಿ ನನ್ನ ಕೈಗೆ ಕೊಟ್ಟಳು. "ಅವ್ರ್ ಕೊಟ್ಟದ್ ತಿಂದ್ ಬಾಯಲ್ಲ್ ಸುಳ್ಳ್ ಹೇಳೂಕ್ ಹೋಯ್ಬೇಡಿ. ನಿಜ ಹೇಳ್ರೆ ಬಯ್ತ್ರ್, ಅಷ್ಟೇ ಅಲ್ದಾ? ಡಬ್ಬಿ ಕೊಡೂಕ್ ಅಂದೇಳಿ ಹೋಯ್ನಿ."

ಹೋದೆ. ಲಿಲ್ಲಿ ಬಾಯಿ ಹೊಲಿಗೆ ಯಂತ್ರದ ಮುಂದಿದ್ದರು.

"ಬಾಯಿ, ಆ ಕ್ಯಾಸೆಟ್ ಇಲ್ಲ."

"ಇಲ್ಲ ಅಂದ್ರೆ? ಯಾರಿಗಾದ್ರೂ ಕೊಟ್ಟಿದ್ದೀರಾ?"

"ಇಲ್ಲ. ನಾನೇ ಗೊತ್ತಿಲ್ಲದೆ ಅದರ ಮೇಲೆ ಗರ್ಬಾ ಹಿಡಿದೆ."

ಯಂತ್ರದ ಚಕ್ರ ನಿಂತಿತು. "ಪೂರ್ತಿಯಾ?"

"ಪೂರ್ತಿ."

"ಕೊನೆಯಲ್ಲಿ ಸ್ವಲ್ಪವಾದ್ರೂ?"

"ಇಲ್ಲ ಬಾಯಿ."

"ಚಹಾ ಕುಡಿದು ಹೋಗಿ" ಎಂದು ಒಳಗೆ ಹೋದರು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಚಹಾ ಪೂರ್ತಿ ತಣ್ಣಗಾಗಿತ್ತು. ಕುಡಿದೆ.

"ಆ ಗರ್ಬಾದ ಕ್ಯಾಸೆಟ್ ನನಗೆ ಕೊಡಿ" ಎಂದರು.

"ಅದರಲ್ಲಿ ಪೊರ್ಬುಗಳದ್ದು ಏನೂ ಇಲ್ಲ ಬಾಯಿ."

"ಗೊತ್ತಾಯ್ತು ಮಾರಾಯ್ರೆ. ಇನ್ನು ಮೂರನೇ ಸಲ ಅದರ ಮೇಲೆ ಬೇರೆ ಎಂಥದ್ದಾದ್ರೂ ಹಿಡಿಯುದು ಬೇಡ ಅಂತ."

ಬೈದಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದೆನೋ ಏನೋ. ಬೈಯಲಿಲ್ಲ. ನೇರ ಕಂಟ್ರೋಲ್ ರೂಮಿಗೆ ಬಂದು, ಗರ್ಬಾ ಎಂಟನ್ನು ಮಹೇಶನ ಕೈಯಲ್ಲಿ ಅವರಿಗೆ ಕಳಿಸಿ, ಚಾನೆಲ್ಲಿನ ಕೆಳಗೆ ಓಡುವ ಪಟ್ಟಿಯಲ್ಲಿ ಬರೆದೆ: ನಮ್ಮ ಕ್ರಿಸ್‌ಮಸ್ ಹಾಡಿನ ಕಾರ್ಯಕ್ರಮವನ್ನು ಯಾರಾದರೂ ಮನೆಯ ವಿಸಿಆರಿನಲ್ಲಿ ಹಿಡಿದಿಟ್ಟಿದ್ದರೆ ದಯವಿಟ್ಟು ಫೋನ್ ಮಾಡಿ. ಆಗ ಅನುಕೂಲಸ್ಥರು ಟೀವಿಯಲ್ಲಿ ಬಂದದ್ದನ್ನು ಹಾಗೆ ಹಿಡಿದಿಡುವುದಿತ್ತು.

ಫೋನುಗಳು ಬಂದವು. ಒಬ್ಬರು ಇದು ಸ್ಪರ್ಧೆಯೇ, ಬಹುಮಾನವೇನು ಎಂದು ಕೇಳಿದರು. ಇನ್ನೊಬ್ಬರು ತಮ್ಮ ಮಗನ ಮದುವೆಯ ಕ್ಯಾಸೆಟ್ ಕೊಡಬಲ್ಲೆವು, ಅದರಲ್ಲೂ ಹಾಡುಗಳಿವೆ ಎಂದರು. ಸ್ಯಾಮ್ಯುಯೆಲ್‌ಭಾಯ್ ಮಾತ್ರ "ಸಿಗುತ್ತೆ ರಾಘುಭಾಯ್, ಈ ಸಲ ನೀವು ಸರಿಯಾದ ಕ್ಯಾಸೆಟ್ಟನ್ನೇ ಹುಡುಕುತ್ತಿದ್ದೀರಿ" ಎಂದು ಫೋನ್ ಇಟ್ಟರು. ಇಪ್ಪತ್ತೆರಡರ ಬೆಳಿಗ್ಗೆ ಭಾವನಾಬೆನ್ ಎಂಬುವರು ಮಾತಾಡಿದರು. ಅವರ ಗಂಡನ ಅಣ್ಣ ದಿನೇಶ್‌ಭಾಯ್ ಮೊದಲು ಗೋರ್ವಾದಲ್ಲಿದ್ದವರು. ಅವರ ಮಗಳು ಹೇತಲ್ ಪಕ್ಕದ ಮನೆಯ ಮಕ್ಕಳ ಜೊತೆ ಸೇರಿ ಆ ತಂಡದಲ್ಲಿ ಹಾಡಿದ್ದಳು. "ನಮ್ಮ ಭಾವನವರು ಮಗಳು ಸೀನಿದರೆ ಅದನ್ನೂ ಹಿಡಿದಿಡೋರು. ಈಗ ಸೂರತ್ತಿನಲ್ಲಿದ್ದಾರೆ, ಉಧ್ನಾದಲ್ಲಿ."

ಮರುದಿನ ಬೆಳಗಿನ ರೈಲು ಹತ್ತಿ ಉಧ್ನಾಕ್ಕೆ ಹೋದೆ. ದಿನೇಶ್‌ಭಾಯ್ ಮಗ್ಗದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನನಗಾಗಿ ಅರ್ಧ ದಿನ ರಜೆ ಹಾಕಿ ಕೂತಿದ್ದರು. ಕಪಾಟಿನಲ್ಲಿ ಮಗಳ ಹಳೆಯ ಫ್ರಾಕುಗಳ ಕೆಳಗಿಂದ ಕ್ಯಾಸೆಟ್ ತೆಗೆದರು. ಕೊಡುವ ಮೊದಲು ಕೆಮ್ಮಿದರು.

"ಭಾಯ್, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ನಾನು ಹೇತಲ್ ಕಾಣಿಸಿದಾಗ ಮಾತ್ರ ಹಿಡಿದಿದ್ದೀನಿ. ಅವಳು ಕಾಣದಾಗ ನಿಲ್ಲಿಸ್ತಿದ್ದೆ."

ಒಂದು ಗಂಟೆಯ ಕಾರ್ಯಕ್ರಮ ಅವರ ಹತ್ತಿರ ಹನ್ನೊಂದು ನಿಮಿಷವಾಗಿತ್ತು. ಹಾಕಿದರು. ತಲೆಗೆ ಚಿನ್ನದ ಕಾಗದದ ನಕ್ಷತ್ರ ಕಟ್ಟಿಕೊಂಡ ಏಳು ವರ್ಷದ ಹೇತಲ್ ಪರದೆಯ ಮಧ್ಯದಲ್ಲಿ. ಪಕ್ಕದಲ್ಲಿ ಒಂದು ಗಿಟಾರಿನ ಕತ್ತು, ಒಂದು ಮೊಣಕೈ. ಆ ಮೊಣಕೈ ಪೊರ್ಬುಗಳದ್ದು. ಮುಖವಿಲ್ಲ. ಆದರೆ ಸ್ವರವಿತ್ತು. ಕೊಂಕಣಿ ಜೋಗುಳ ಹೆಚ್ಚುಕಡಿಮೆ ಪೂರ್ತಿ ಇತ್ತು, ಏಕೆಂದರೆ ಆ ಹಾಡಿಡೀ ನಾನು ಕ್ಯಾಮೆರಾವನ್ನು ಆ ಹುಡುಗಿಯ ಮೇಲೇ ಇಟ್ಟಿದ್ದೆ. ಕೆಳಗೆ ನಾನೇ ಬರೆದಿದ್ದ ಸ್ವೆಟರ್ ಸೇಲಿನ ಜಾಹೀರಾತು ಓಡುತ್ತಿತ್ತು.

ಹೇತಲ್ ಈಗ ಹತ್ತು ವರ್ಷದವಳು. "ಪಪ್ಪಾ, ಬಂಧ್ ಕರೋ ನೆ!" ಎಂದು ದಿಂಬಿನಲ್ಲಿ ಮುಖ ಹುದುಗಿಸಿಕೊಂಡಳು. ಅವಳ ನಾಚಿಕೆಗೆ ಕಾರಣ ಆಗ ಬಂತು. ಜೋಗುಳದ ಕೊನೆಯ ಸಾಲಿಗೆ ಬರುವಾಗ ಪರದೆಯ ಹೇತಲ್ ಹಾಡು ಮರೆತು ಬಾಯಿ ತೆರೆದುಕೊಂಡೇ ನಿಂತುಬಿಟ್ಟಳು. ಆಗ ಪಕ್ಕದಿಂದ ಪೊರ್ಬುಗಳು ಬಾಗಿದರು. ಅವರ ಮುಖವೆಲ್ಲ ಪರದೆಯೊಳಗೆ ಬಂತು. ಅವಳ ಕಿವಿಯಲ್ಲಿ ಸಾಲು ಹೇಳಿ, ನೇರ ಕ್ಯಾಮೆರಾದ ಕಡೆ, ಅಂದರೆ ನನ್ನ ಕಡೆ ನೋಡಿ, ನಿಲ್ಲಿಸಬೇಡ, ಓಡಲಿ ಎಂದು ಕೈಸನ್ನೆ ಮಾಡಿ ನಕ್ಕರು.

ನಾನು ಮೂರು ವರ್ಷ ಆ ಕ್ಯಾಸೆಟ್ ಹಾಕಿದ್ದೆ. ಆ ಸನ್ನೆಯನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಪ್ರತಿ ಮಾಡಿಕೊಂಡು ಮರಳಿಸುತ್ತೇನೆಂದು ಕ್ಯಾಸೆಟ್ ತೆಗೆದುಕೊಂಡೆ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅವರೆದುರೇ ಬೆನ್ನಿನ ತುಣುಕು ಮುರಿದೆ. "ಇನ್ನು ಇದರ ಮೇಲೆ ಯಾರೂ ಬೇರೆ ಹಿಡಿಯಲಾರರು" ಎಂದೆ.

"ಸೆಲ್ಲೋಟೇಪ್ ಅಂಟಿಸಿದರೆ ಆಗುತ್ತಲ್ಲ ಭಾಯ್?" ಎಂದರು ದಿನೇಶ್‌ಭಾಯ್.

ನಾನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡೆ.

ಇಪ್ಪತ್ತನಾಲ್ಕರ ಸಂಜೆ ಏಳಕ್ಕೆ ಹಾಕಿದೆ. ಹನ್ನೊಂದು ನಿಮಿಷ ಮುಗಿದ ಮೇಲೆ ಹಿಮದ ಚಿತ್ರ ಹಾಕಬೇಕಿತ್ತು. ಕೈ ಗುಂಡಿಯ ಮೇಲಿರುವಾಗಲೇ ಫೋನ್ ಬಂತು.

"ಬಾಯಿ?" ಎಂದೆ.

"ರಾಘಣ್ಣ, ಅವರ ಗಡ್ಡದ ಕೆಳಗೆ ಸ್ವೆಟರಿನ ಜಾಹೀರಾತು ಓಡ್ತಾ ಉಂಟಲ್ಲ, ಅದನ್ನು ತೆಗೀಲಿಕ್ಕೆ ಆಗುದಿಲ್ವಾ?"

"ಆಗುದಿಲ್ಲ ಬಾಯಿ. ಅದು ಅಂಟಿಯೇ ಬಂದದ್ದು."

"ಇರ್ಲಿ ಬಿಡಿ. ಚಳಿ ಉಂಟಲ್ಲ." ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಇನ್ನೊಂದು ಸಲ ಹಾಕ್ತೀರಾ?"

ನಾನು ಜಯಂತಿಭಾಯ್ ಮುಖ ನೋಡಿದೆ. ಜಾಹೀರಾತು ಕೊಟ್ಟವರಿಗೆ ಏಳೂಕಾಲಿಗೆ ಚಿತ್ರ ಶುರು ಎಂದು ಮಾತು ಕೊಟ್ಟಿದ್ದರು. ಅವರು ತೂಗುಮಣೆಯಿಂದ ಇಳಿದು ಬಂದು ತಾವೇ ಕ್ಯಾಸೆಟ್ ಹಿಂದಕ್ಕೆ ಸುತ್ತಿಸಿದರು. "ಹಿಮ ಎಲ್ಲಿಗೆ ಹೋಗುತ್ತೆ ರಾಘುಭಾಯ್? ಕಾಯುತ್ತೆ." ಆ ಸಂಜೆ ಮೂರು ಸಲ ಹಾಕಿದೆವು. ಚಿತ್ರ ಎಲ್ಲಿ ಎಂದು ಒಬ್ಬರೂ ಫೋನ್ ಮಾಡಲಿಲ್ಲ.

ಮುಂದೆ ಸಿಡಿ ಬಂತು, ಕಂಪ್ಯೂಟರ್ ಬಂತು, ಆಮೇಲೆ ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂದು ನಮ್ಮ ಚಾನೆಲ್ಲೇ ನಿಂತಿತು. ಕೊನೆಯ ವರ್ಷಗಳಲ್ಲಿ ನಾನು ಬರಿಯ ದೂರು ಬರೆದುಕೊಳ್ಳುವವನಾಗಿದ್ದೆ. ಈಗ ಕ್ರಿಸ್‌ಮಸ್ಸಿನ ಯಾವ ಹಾಡು ಬೇಕಾದರೂ ಮೊಬೈಲಿನಲ್ಲಿ ಸಿಗುತ್ತದೆ. ಆ ಹನ್ನೊಂದು ನಿಮಿಷವೂ ನನ್ನ ಮೊಬೈಲಿನಲ್ಲಿದೆ, ಸ್ವೆಟರ್ ಸಮೇತ.

ಆದರೆ ಅದಕ್ಕೆಲ್ಲ ಮುಂಚೆ, ಆ ಕ್ರಿಸ್‌ಮಸ್ ಕಳೆದ ಮುಂದಿನ ನವರಾತ್ರಿಯ ಮೊದಲ ದಿನ, ಮಧ್ಯಾಹ್ನ, ನಾನು ಸಂಜೆಯ ಗರ್ಬಾಕ್ಕೆ ಕ್ಯಾಸೆಟ್ಟುಗಳನ್ನು ಹೊಂದಿಸುತ್ತಿದ್ದೆ. ಈಗ ಪ್ರತಿಯೊಂದರ ಮೈಮೇಲೂ ಹೆಸರು ಬರೆಯುತ್ತಿದ್ದೆ. ಲಿಲ್ಲಿ ಬಾಯಿ ಮೂರು ಮಹಡಿ ಹತ್ತಿ ಬಂದರು. ಡಬ್ಬಿ ಇರಲಿಲ್ಲ. ಬಟ್ಟೆಯ ಚೀಲದಿಂದ ಹೊಸ ಕ್ಯಾಸೆಟ್ಟೊಂದನ್ನು ತೆಗೆದು ನನ್ನ ಮಡಿಲಿಗಿಟ್ಟರು. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

"ಎಂಟನೇ ದಿನಕ್ಕೆ" ಎಂದರು. "ಇದರಲ್ಲಿ ಹಿಡೀರಿ. ಬೇರೆಯವರದ್ದು ಮುಟ್ಟಬೇಡಿ."

ಮೆಟ್ಟಿಲಿಳಿದು ಹೋದರು.